ಮಾವನವರ ಜಾವಾ

ಈ ಪತ್ರಿಕೆಯ ಪುಟಗಳಲ್ಲಿ ಇದುವರೆಗೆ ತಾಳೆಗರಿ, ಶಾಸನ, ಪಾಠಾಂತರಗಳನ್ನು ಕುರಿತು ಬರೆಯುತ್ತ ಬಂದವನು ಈ ಸಲ ಮೋಟಾರು ಸೈಕಲ್ಲನ್ನು ಕುರಿತು ಬರೆಯಹೊರಟಿರುವುದು ಕೆಲವು ಹಿರಿಯ ವಾಚಕರಿಗೆ ಸೋಜಿಗವೆನಿಸೀತು. ಆದರೆ ಕಳೆದ ಎರಡು ವರ್ಷಗಳಲ್ಲಿ ನಮ್ಮ ಬಂಧುವರ್ಗದೊಳಗೆ ಇಷ್ಟು ಚರ್ಚೆಗೆ, ಒಂದಿಷ್ಟು ಮುನಿಸಿಗೆ, ಕೊನೆಗೆ ನಗುವಿಗೂ ಕಾರಣವಾದ ವಸ್ತು ಬೇರೊಂದಿಲ್ಲ. ಅಲ್ಲದೆ ಹಳೆಯ ಗಾಡಿಯೊಂದನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡಿರುವ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಸಾಕಷ್ಟಿವೆ. ಅವರಿಗೆ ಈ ಅನುಭವದಿಂದ ಸ್ವಲ್ಪವಾದರೂ ಉಪಯೋಗವಾದೀತೆಂದು ಲೇಖನಿ ಹಿಡಿದಿದ್ದೇನೆ.

ಗಾಡಿ ನನ್ನ ಸೋದರಮಾವನವರದು. ಅವರ ಮಗಳೇ ನನ್ನ ಮಡದಿಯಾದುದರಿಂದ ಅವರು ನನಗೆ ಎರಡು ಬಗೆಯಿಂದಲೂ ಮಾವ. 1970ರಲ್ಲಿ ಅವರು ಬೆಳಗಾವಿಯಿಂದ ಕಲ್ಲೋಳಿಗೆ ಈ ಜಾವಾ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದರು. ಆಗ ನಾನು ಹತ್ತು ವರ್ಷದ ಬಾಲಕ. ಗೋಕಾಕ ತಾಲೂಕಿನಲ್ಲಿದ್ದ ನಮ್ಮೂರು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಅಂದು ಹದ ಮಳೆ ಬಿದ್ದರೆ ಸಾಕು, ಎರೆಮಣ್ಣಿನ ಹಾದಿಗಳಲ್ಲಿ ಚಕ್ಕಡಿಯೂ ಹೂತುಹೋಗುತ್ತಿತ್ತು. ಅಂಥ ಊರಿಗೆ ದ್ರಾಕ್ಷಾವರ್ಣದ, ಟ್ಯಾಂಕಿನ ಎರಡೂ ಮಗ್ಗುಲಿಗೆ ಬೆಳ್ಳಿಯಂತೆ ಹೊಳೆಯುವ ಕ್ರೋಮು ಹೊದಿಸಿದ ವಾಹನ ಬಂದಾಗ ಓಣಿಯ ಮಕ್ಕಳೆಲ್ಲ ಅದರಲ್ಲಿ ತಮ್ಮ ಮುಖ ನೋಡಿಕೊಳ್ಳಲು ಸಾಲುಗಟ್ಟಿದ್ದೆವು. 1998ರಲ್ಲಿ ಮಾವನವರು ಲಿಂಗೈಕ್ಯರಾದರು. ಅಂದಿನಿಂದ ಅದು ತೋಟದ ಮನೆಯ ಕೊಟ್ಟಿಗೆಯಲ್ಲಿ, ಕಬ್ಬಿನ ರವದಿಯ ಮರೆಯಲ್ಲಿ ನಿಂತಿತ್ತು.

ಜಾವಾ ಎಂಬ ಹೆಸರನ್ನು ಕೇಳಿ ಅದು ಜಾವಾ ದ್ವೀಪದಿಂದ ಬಂದುದೆಂದು ನಮ್ಮ ಕಡೆ ಅನೇಕರು ನಂಬಿದ್ದುಂಟು. ನಿಜಸಂಗತಿ ಬೇರೆ. ಜೆಕೊಸ್ಲೊವಾಕಿಯಾ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡನು. ಅವನ ಹೆಸರಿನ ಮೊದಲೆರಡು ಅಕ್ಷರ, ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿ ‘ಜಾವಾ’ ಆಯಿತು. ನಮ್ಮ ನಾಡಿಗೆ ಅದನ್ನು ತಂದವರು ಪಾರ್ಸಿ ಮನೆತನದ ರುಸ್ತುಂ ಇರಾನಿಯವರು. ಅವರು ಮೈಸೂರಿನಲ್ಲಿ 1960ರ ಸುಮಾರಿಗೆ ‘ಐಡಿಯಲ್ ಜಾವಾ’ ಕಾರ್ಖಾನೆಯನ್ನು ಸ್ಥಾಪಿಸಿದರು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೊಂದು ಸಂಸ್ಥೆಯ ಮೂಲಕ ಮರಳಿ ಮಾರುಕಟ್ಟೆಗೆ ಬಂದಿವೆಯಾದರೂ ಅವುಗಳ ಇಂಜಿನ್ನು ಬೇರೆ, ನಾದವೂ ಬೇರೆ. ಮೈಸೂರಿನಲ್ಲಿ ತಯಾರಾದ ವಸ್ತುಗಳೆಂದರೆ ನಮಗೆ ರೇಷ್ಮೆ, ಗಂಧದೆಣ್ಣೆ ಮಾತ್ರ ನೆನಪಾಗುತ್ತವೆ. ಮೂವತ್ತೈದು ವರ್ಷ ಈ ಕಬ್ಬಿಣದ ಕುದುರೆಗಳೂ ಅಲ್ಲಿಂದಲೇ ಬಂದವೆಂಬುದನ್ನು ಮರೆಯುತ್ತೇವೆ.

ಈ ಗಾಡಿ ನನಗೆ ಏಕೆ ಬೇಕಾಯಿತೆಂಬುದನ್ನು ಹೇಳಬೇಕು. ಕಲ್ಲೋಳಿ, ಅರಭಾವಿ, ಘಟಪ್ರಭಾ, ಹುಕ್ಕೇರಿ, ಸಂಕೇಶ್ವರಗಳ ಸುತ್ತಲಿನ ಮನೆತನಗಳಲ್ಲಿರುವ ಓಲೆಗರಿ, ಕೈಬರೆಹದ ಕಾಗದದ ಪ್ರತಿಗಳನ್ನು ನೋಡಿ, ಸಾಧ್ಯವಿದ್ದರೆ ಶುಚಿಗೊಳಿಸಿ, ಪಟ್ಟಿ ಮಾಡುವುದು ನನ್ನ ಮೂವತ್ತು ವರ್ಷಗಳ ಕೆಲಸ. ನಮ್ಮ ಭಾಗದ ಒಕ್ಕಲುತನದ ಕುಟುಂಬಗಳು ಊರೊಳಗಿಗಿಂತ ತೋಟಗಳಲ್ಲಿಯೇ ಹೆಚ್ಚು ವಾಸಿಸುತ್ತವೆ. ಬಸ್ಸು ಊರ ಅಗಸಿಯವರೆಗೆ ಬರುತ್ತದೆ, ತೋಟದ ಮನೆಗೆ ಬರುವುದಿಲ್ಲ. ಸೊಂಟದ ನೋವಿನಿಂದಾಗಿ ಎರಡು ವರ್ಷ ನನ್ನ ತಿರುಗಾಟ ನಿಂತೇಹೋಯಿತು. ಆ ಎರಡು ವರ್ಷಗಳಲ್ಲಿಯೇ ನಾನು ನೋಡಬೇಕೆಂದಿದ್ದ ಒಂದು ಕಟ್ಟು, ಮನೆ ಕೆಡವಿ ಕಟ್ಟುವ ಗಡಿಬಿಡಿಯಲ್ಲಿ ಕಸದೊಡನೆ ಹೋಯಿತೆಂದು ತಿಳಿದಾಗ ನನಗಾದ ಸಂಕಟ ಅಷ್ಟಿಷ್ಟಲ್ಲ. ಹೊಸ ಸ್ಕೂಟರು ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಂಧುಗಳೊಬ್ಬರ ಸ್ಕೂಟರಿನಲ್ಲಿ ತೋಟದ ಹಾದಿಯನ್ನು ತುಳಿದು ನೋಡಿದೆ. ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ಗಾಲಿಜಾಡಿನಲ್ಲಿ ಅದರ ಸಣ್ಣ ಚಕ್ರಗಳು ಪ್ರತಿಯೊಂದು ತಗ್ಗಿನೊಳಕ್ಕೂ ಇಳಿದು ಏಳುತ್ತಿದ್ದವು. ಜಾವಾದ ಚಕ್ರ 16 ಇಂಚಿನದು. ಚಕ್ರ ದೊಡ್ಡದಾದಷ್ಟೂ ತಗ್ಗು ಚಿಕ್ಕದಾಗುತ್ತದೆ.

ಆದರೆ ಗಾಡಿಯ ಮೇಲೆ ಬೇರೆಯವರ ಕಣ್ಣೂ ಇತ್ತು. ಮೈದುನನ ಮಗ ಪುಣೆಯಲ್ಲಿ ಇಂಜಿನಿಯರನಾಗಿದ್ದಾನೆ. ಹಳೆಯ ಗಾಡಿಗಳ ಬೆಲೆ ಬಲ್ಲವನು. ಮೂಲರೂಪದಲ್ಲಿ ಒಂದು ಬೋಲ್ಟೂ ಬದಲಾಗದಂತೆ ಸಜ್ಜುಗೊಳಿಸಿದರೆ ಒಳ್ಳೆಯ ಹಣಕ್ಕೆ ಕೊಳ್ಳುವವರಿದ್ದಾರೆ, ಮಾರದಿದ್ದರೂ ಪಡಸಾಲೆಯಲ್ಲಿಟ್ಟರೆ ಅಜ್ಜನ ನೆನಪಾಗಿ ಉಳಿಯುತ್ತದೆ ಎಂಬುದು ಅವನ ವಾದ. “ಮಾಮಾ, ನೀವು ಅದನ್ನ ತೋಟದ ದಾರ್ಯಾಗ ಹೊಡದ್ರ ಒಂದು ವರ್ಷದಾಗ ಹಾಳಾಗ್ತದ” ಎಂದು ನೇರವಾಗಿಯೇ ಹೇಳಿದ. ಅವನ ಮಾತಿನಲ್ಲಿ ಲೋಭವಿರಲಿಲ್ಲ. ಅಜ್ಜನ ಮೇಲಿನ ಅಭಿಮಾನವಿತ್ತು. ಆದುದರಿಂದಲೇ ಅದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು. ಮೊದಲು ಇಂಜಿನ್ನು ಜೀವ ಹಿಡಿಯಲಿ, ಅನಂತರ ತೀರ್ಮಾನಿಸೋಣ ಎಂಬ ಒಪ್ಪಂದಕ್ಕೆ ಬಂದು, 2023ರ ಯುಗಾದಿ ಕಳೆದ ಮೇಲೆ ಅದನ್ನು ಟಂಟಂ ಗಾಡಿಯಲ್ಲಿ ಹೇರಿಸಿ ಗೋಕಾಕಕ್ಕೆ ಒಯ್ದೆವು.

ಅಲ್ಲಿಯ ಮಿಸ್ತ್ರಿಯವರು ನನಗಿಂತ ನಾಲ್ಕೈದು ವರ್ಷ ಹಿರಿಯರು. ಹುಡುಗರಾಗಿದ್ದಾಗಿನಿಂದ ಜಾವಾ, ಯೆಜ್ಡಿಗಳನ್ನು ಬಿಚ್ಚಿ ಕೂಡಿಸಿದವರು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಕಿಕ್ಕಿನ ಮೇಲೆ ಕಾಲಿಟ್ಟು ಒತ್ತಿ ನೋಡಿ, “ಶಾಸ್ತ್ರಿಗಳ, ಇಂಜಿನ್ ಕೆಟ್ಟಿಲ್ಲರೀ, ಹಿಡದೈತಿ” ಎಂದರು. ಪಿಸ್ಟನ್ನಿನ ಉಂಗುರಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದ್ದವು. ಪ್ಲಗ್ಗನ್ನು ತೆಗೆದು ಆ ರಂಧ್ರದಿಂದ ಸೀಮೆಎಣ್ಣೆ ಮತ್ತು ಇಂಜಿನ್ ಎಣ್ಣೆಯ ಮಿಶ್ರಣವನ್ನು ಸುರಿದು ಹದಿನೈದು ದಿನ ಮುಟ್ಟದೆ ಬಿಟ್ಟರು. ನಡುನಡುವೆ ನಾನು ಹೋಗಿ ವಿಚಾರಿಸಿದರೆ “ಅವಸರ ಮಾಡಿ ಕಿಕ್ ಹೊಡದ್ರ ಉಂಗರ ಮುರೀತಾವ, ಸಿಲಿಂಡರ ಗೀರ ಬೀಳತೈತಿ” ಎನ್ನುತ್ತಿದ್ದರು. ಮಠದಲ್ಲಿ ನನ್ನ ಗುರುಗಳು ಒಂದಕ್ಕೊಂದು ಅಂಟಿದ ಓಲೆಗಳನ್ನು ಬಿಡಿಸುವಾಗ ಇಂಥದೇ ಮಾತು ಹೇಳುತ್ತಿದ್ದರು. ಸಿಟ್ರೊನೆಲ್ಲಾ ಎಣ್ಣೆ ಸವರಿ ಕಾಯಬೇಕು; ಉಗುರು ಹಾಕಿ ಎಳೆದರೆ ಅಕ್ಷರದೊಡನೆ ಪೊರೆಯೇ ಎದ್ದುಬರುತ್ತದೆ.

ಹದಿನಾರನೆಯ ದಿನ ಪಿಸ್ಟನ್ನು ಅಲುಗಿತು. ಬಿಚ್ಚಿದಾಗ ಸಿಲಿಂಡರಿನಲ್ಲಿ ತುಕ್ಕಿನ ಕಲೆಗಳು ಆಳವಾಗಿದ್ದುದರಿಂದ ಅದನ್ನು ಕೊರೆಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಕೂರಿಸಬೇಕಾಯಿತು. ಮೂಲ ಅಳತೆ 65 ಮಿಲಿಮೀಟರು ವ್ಯಾಸ, 75 ಮಿಲಿಮೀಟರು ಓಟ. ಜಾವಾದ್ದು ಎರಡು ಹೊಡೆತದ ಇಂಜಿನ್ನು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿರುವ ಕವಾಟಗಳು ಇದರಲ್ಲಿಲ್ಲ. ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕು, ಬಳಿಕ ಮೇಲಕ್ಕೆ ಏರುತ್ತವೆ. ಆದುದರಿಂದ ಆ ಕೋಣೆಯ ಎರಡೂ ಬದಿಯ ಎಣ್ಣೆಸೀಲುಗಳು ಬಿಗಿಯಾಗಿರಬೇಕು. ಅವು ಒಣಗಿ ಬಿರುಕುಬಿಟ್ಟರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ನು ಅತಿಯಾಗಿ ಕಾದು ಮತ್ತೆ ಹಿಡಿಯುತ್ತದೆ. ಹಳೆಯ ಜಾವಾ, ಯೆಜ್ಡಿ ಮನೆಯಲ್ಲಿದ್ದವರು ಹೊರಗಿನ ಬಣ್ಣ, ಕ್ರೋಮುಗಳಿಗೆ ಹಣ ಸುರಿಯುವ ಮುನ್ನ ಈ ಎರಡು ಸಣ್ಣ ರಬ್ಬರು ಬಳೆಗಳನ್ನು ಬದಲಾಯಿಸಿರಿ. ಸೈಲೆನ್ಸರುಗಳ ಒಳನಳಿಗೆಯನ್ನು ಹೊರತೆಗೆದಾಗ ಅದರ ತುಂಬ ಕಾಡಿಗೆಯಂಥ ಮಸಿ ಮೆತ್ತಿತ್ತು. ಅದನ್ನು ಸುಟ್ಟು ಕೆರೆದು ಶುದ್ಧಗೊಳಿಸಿದ ಮೇಲೆಯೇ ಉಸಿರು ಸರಾಗವಾಯಿತು. ಕಾರ್ಬ್ಯುರೇಟರು ಮೂಲದ ಜಿಕೋವ್ ಆಗಿರಲಿಲ್ಲ. ಹಿಂದಿನ ದೀಪ ಇನ್ನಾವುದೋ ಗಾಡಿಯದು. ಪ್ರತಿಕಾರರು ಸೇರಿಸಿದ ಪ್ರಕ್ಷೇಪಗಳಂತೆ ಕಾಲಕಾಲಕ್ಕೆ ಸೇರಿದ ಇಂಥವನ್ನೆಲ್ಲ ಗುರುತಿಸಿ, ಸರಿಯಾದ ಭಾಗಗಳಿಗಾಗಿ ಕೊಲ್ಲಾಪುರದ ಹಳೆಯ ಬಿಡಿಭಾಗದ ಅಂಗಡಿಗಳನ್ನು ಎರಡು ದಿನ ಸುತ್ತಿದೆವು. ಕಾರ್ಬ್ಯುರೇಟರು ಸಿಕ್ಕಿತು. ದೀಪ ಸಿಗಲಿಲ್ಲ.

ಇಂಜಿನ್ನು ಮೊದಲ ಸಲ ಹತ್ತಿದಾಗ ಅಂಗಡಿಯ ತುಂಬ ನೀಲಿ ಹೊಗೆ. ಜಾವಾದಲ್ಲಿ ಗೇರು ಹಾಕುವ ಕಡ್ಡಿಯೇ ಕಿಕ್ಕೂ ಹೌದೆಂಬುದನ್ನು ಇಂದಿನ ತರುಣರು ನಂಬುವುದಿಲ್ಲ. ಎಡಬದಿಯ ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕು. ಮುಂದಕ್ಕೆ ತಂದರೆ ಗೇರು. ಅಷ್ಟೇ ಅಲ್ಲ, ಗೇರು ಕಡ್ಡಿಯನ್ನು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಅದರಲ್ಲಿದೆ. ಸರಪಳಿ ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗಿದೆ; ನಮ್ಮ ಧೂಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇಷ್ಟು ವಿವೇಕದಿಂದ ರಚಿಸಿದ ಗಾಡಿಯ ಆಸನವನ್ನು ಮಾತ್ರ ಏಕೆ ಹಾಗೆ ಮಾಡಿದರೋ ತಿಳಿಯದು.

ಆಸನದ ವಿಷಯಕ್ಕೇ ಬಂದೆ. ದುರಸ್ತಿಯಾದ ಗಾಡಿಯನ್ನು ಗೋಕಾಕದಿಂದ ಕಲ್ಲೋಳಿಗೆ ತಂದ ದಿನ ನನ್ನ ಸೊಂಟ ರಾತ್ರಿಯೆಲ್ಲ ನಿದ್ದೆಗೊಡಲಿಲ್ಲ. ಮರುದಿನ ಮೈದುನನ ಮಗ ದೂರವಾಣಿಯಲ್ಲಿ, ಆಸನವನ್ನಾಗಲಿ ಹ್ಯಾಂಡಲ್ಲನ್ನಾಗಲಿ ಮುಟ್ಟಕೂಡದೆಂದು ಪಟ್ಟುಹಿಡಿದ. ಗ್ರಂಥಸಂಪಾದನೆಯ ಕೆಲಸ ಮಾಡಿದವನಾದುದರಿಂದ ಮೂಲಪಾಠವನ್ನು ಕೆಡಿಸಬಾರದೆಂಬುದು ನನಗೂ ಪ್ರಿಯವಾದ ನಿಯಮವೇ. ಆದರೆ ಪ್ರಾಚೀನ ಪ್ರತಿಕಾರರು ಮೂಲವನ್ನು ಹಾಗೆಯೇ ಬರೆದು ಅದರ ಬದಿಯಲ್ಲಿ ಟೀಕೆ, ಟಿಪ್ಪಣಿಗಳನ್ನು ಸೇರಿಸುತ್ತಿದ್ದರು. ಓದುವವನಿಗೆ ಅರ್ಥವಾಗಬೇಕೆಂಬುದು ಅವರ ಉದ್ದೇಶ. ಟಿಪ್ಪಣಿಯನ್ನು ಅಳಿಸಿದರೆ ಮೂಲ ಹಾಗೆಯೇ ಉಳಿದಿರುತ್ತದೆ. ಗಾಡಿಗೂ ಇದೇ ಕ್ರಮವನ್ನು ಅನುಸರಿಸೋಣವೆಂದು ಸೂಚಿಸಿದೆ: ಚೌಕಟ್ಟಿಗೆ ಗರಗಸ ಹಾಕುವುದಿಲ್ಲ, ಬೆಸುಗೆ ಮಾಡುವುದಿಲ್ಲ, ಒಂದು ರಂಧ್ರವನ್ನೂ ಕೊರೆಯುವುದಿಲ್ಲ; ಬಿಚ್ಚಿದ ಹಳೆಯ ವಸ್ತುವನ್ನೆಲ್ಲ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುತ್ತೇವೆ. ಅವನು ಅರೆಮನಸ್ಸಿನಿಂದ, “ಅಜ್ಜೀನ್ನ ಕೇಳ್ರಿ” ಎಂದ.

ಅತ್ತೆಯವರಿಗೆ ಎಂಬತ್ತನಾಲ್ಕು ವರ್ಷ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ ಅವರು, “ತಮ್ಮಾ, ಹೆಂಗಿತ್ತೋ ಹಂಗ ಇರ್ಲಿ ಅಂತೀರಿ. ಆ ಸೀಟಿನ ಮ್ಯಾಲ ಇಪ್ಪತ್ತೆಂಟು ವರ್ಸ ಕುಂತಾಕಿ ನಾನು. ನಿಮ್ಮ ಮಾವನ ಕೂಡ ಗೋಕಾಕಕ್ಕ ಹೋಗಿ ಬಂದ್ರ ಎರಡ ದಿನ ನಡಾ ಹಿಡೀತಿತ್ತು. ಅವರ ಮುಂದ ಒಂದಿನಾ ಹೇಳಲಿಲ್ಲ, ಬ್ಯಾಸರಾ ಮಾಡಿಕೊಂಡಾರು ಅಂತ. ಅದನ್ನ ಹಂಗ ಇಟ್ಟು ಯಾರಿಗೆ ತೋರಸ್ತೀರಿ?” ಎಂದರು. ಇಪ್ಪತ್ತೆಂಟು ವರ್ಷ ಅವರು ಮುಚ್ಚಿಟ್ಟುಕೊಂಡಿದ್ದ ಈ ಮಾತನ್ನು ಕೇಳಿ ನನ್ನ ಮಡದಿ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಣೆಯಿಂದ ಮತ್ತೆ ಆಕ್ಷೇಪ ಬರಲಿಲ್ಲ.

ಹೀಗೆ ಅನುಮತಿ ದೊರೆತ ಮೇಲೆ ಆಸನದ ಕೆಲಸವನ್ನು ಸಾವಧಾನವಾಗಿ ನಡೆಸಿದೆವು. ಮೆತ್ತಗಿದ್ದಷ್ಟೂ ಹಿತವೆಂಬುದು ಸಾಮಾನ್ಯ ನಂಬಿಕೆ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿದಾಗ ಹಿತವೆನಿಸುವ ಸ್ಪಂಜು ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಚಪ್ಪಟೆಯಾಗಿ, ಕೂರುವ ಎರಡು ಎಲುಬುಗಳು ಕೆಳಗಿನ ತಗಡಿಗೆ ತಾಗತೊಡಗುತ್ತವೆ. ನಮ್ಮ ಆಸನದ ಬಡಗಿ, ಹೌದು, ಹಾಸಿಗೆ ಹೊಲಿಯುವವರೇ ಆದರೂ ಅವರನ್ನು ಬಡಗಿಯೆಂದೇ ಕರೆಯಬೇಕೆನಿಸುತ್ತದೆ, ಅಷ್ಟು ಅಳತೆಯವರು, ಕೆಳಗೆ ರಬ್ಬರು ಸೇರಿಸಿದ ತೆಂಗಿನ ನಾರಿನ ಗಟ್ಟಿ ಪದರು, ನಡುವೆ ಬಿಗಿಯಾದ ಫೋಮು, ಮೇಲೆ ತೆಳುವಾದ ಮೆತ್ತನೆಯ ಪದರು ಹೀಗೆ ಮೂರು ಹಾಸಿದರು. ಮುಂದಿನ ಭಾಗವನ್ನು ಕಿರಿದುಮಾಡಿ ಹಿಂದಕ್ಕೆ ಒಂದೂವರೆ ಅಂಗುಲ ಅಗಲಗೊಳಿಸಿದರು. ಭಾರ ಹಂಚಿಹೋಗುವುದು ಅಗಲದಿಂದ, ಮೆತ್ತನೆಯಿಂದಲ್ಲ.

ಎರಡನೆಯದು ಹ್ಯಾಂಡಲ್ಲು. ಅದನ್ನು ಬದಲಿಸಲಿಲ್ಲ, ಹಿಡಿಕೆಯ ಬೋಲ್ಟು ಸಡಿಲಿಸಿ ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಸಾಕಾಯಿತು. ಮಣಿಕಟ್ಟು ಮುಂಗೈಯೊಡನೆ ನೇರವಾಗಿರಬೇಕು, ಮೊಣಕೈ ತುಸು ಬಾಗಿರಬೇಕು. ಕೈಗಳು ಸೆಟೆದುಕೊಂಡಿದ್ದರೆ ರಸ್ತೆಯ ಪ್ರತಿಯೊಂದು ಹೊಡೆತವೂ ಹೆಗಲಿಗೆ, ಅಲ್ಲಿಂದ ಕುತ್ತಿಗೆಗೆ ಏರುತ್ತದೆ. ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು ಕೂಡುವುದೂ ಒಳ್ಳೆಯದಲ್ಲವೆಂದು ವೈದ್ಯರು ತಿಳಿಸಿದರು. ಆಗ ಏಟೆಲ್ಲ ನೇರವಾಗಿ ಬೆನ್ನುಹುರಿಯ ಕೆಳಗಿನ ಮಣಿಗಳ ಮೇಲೆಯೇ ಬೀಳುತ್ತದೆ. ಸೊಂಟದಿಂದ ತುಸು ಮುಂದಕ್ಕೆ ಬಾಗಿ, ಟ್ಯಾಂಕಿನ ಮಗ್ಗುಲಿನ ರಬ್ಬರು ಪಟ್ಟಿಗಳನ್ನು ಮೊಣಕಾಲುಗಳಿಂದ ಮೆಲ್ಲಗೆ ಅವುಚಿಕೊಂಡರೆ ಕೈಗಳಿಗೆ ಭಾರವಿರುವುದಿಲ್ಲ. ಆ ರಬ್ಬರುಗಳು ಅಲಂಕಾರಕ್ಕಾಗಿ ಇವೆಯೆಂದು ನಾನು ಬಾಲ್ಯದಿಂದ ತಿಳಿದಿದ್ದೆ. ವೇಗತಡೆಯ ದಿಬ್ಬ ಬಂದಾಗ ಪಾದಪಟ್ಟಿಯ ಮೇಲೆ ಅರೆಭಾರ ಹಾಕಿ ಆಸನದಿಂದ ಒಂದು ಬೆರಳು ಮೇಲೇಳುವುದು ಇನ್ನೊಂದು ಅಭ್ಯಾಸ.

ಹಿಂದಿನ ಶಾಕಪ್ಪುಗಳೊಳಗಿನ ಎಣ್ಣೆ ಅಂಟಾಗಿ ಗಟ್ಟಿಕಟ್ಟಿತ್ತು. ತೊಳೆದು ಹೊಸ ಎಣ್ಣೆ ತುಂಬಿಸಿದ ಮೇಲೆ ಅವು ಮತ್ತೆ ಕುಣಿಯಲು ಕಲಿತವು. ಹಿಂಚಕ್ರವನ್ನು ಹಿಡಿದಿರುವ ತೋಳಿನ ಬುಶ್ಶುಗಳನ್ನೂ ಬದಲಿಸಿದೆವು. ಟೈರಿನ ಗಾಳಿಯನ್ನು ಒಬ್ಬನೇ ಹೋಗುವಾಗ ಮುಂದೆ 22, ಹಿಂದೆ 28 ಪೌಂಡು ಇಟ್ಟಿದ್ದೇನೆ. ಮಡದಿ ಜೊತೆಗಿದ್ದರೆ ಹಿಂದಕ್ಕೆ ಸ್ವಲ್ಪ ಹೆಚ್ಚು. ಪೆಟ್ರೋಲು ಬಂಕುಗಳಲ್ಲಿ ಹುಡುಗರು ಕೇಳದೆಯೇ ಕಲ್ಲಿನಂತೆ ಗಾಳಿ ತುಂಬಿಬಿಡುತ್ತಾರೆ. ಸಾವಿರಾರು ರೂಪಾಯಿ ವೆಚ್ಚಮಾಡಿದ ಹಿತವೆಲ್ಲ ಆ ಒಂದು ನಿಮಿಷದಲ್ಲಿ ಕಳೆದುಹೋಗುತ್ತದೆ.

ಹಿಂದೆ ಕೂರುವವರ ಹಿತವನ್ನು ಕುರಿತು ಒಂದು ಮಾತು. ಹಿಡಿದುಕೊಳ್ಳಲು ಹಿಡಿಕೆ, ಪಾದಪಟ್ಟಿ, ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ ಇವು ಇರಲೇಬೇಕೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕು ಆದ ಅನಾಹುತಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೂ ಎಷ್ಟೋ ಮನೆಗಳಲ್ಲಿ ಗಾಡಿ ಚೆಂದ ಕಾಣಲೆಂದು ಆ ತಡೆಯನ್ನೇ ಬಿಚ್ಚಿಸುತ್ತಾರೆ. ಓಡಿಸುವ ಗಂಡಸಿಗೆ ಗಾಡಿ ಹಿತವಾಗಿದ್ದರೆ ಸಾಕೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ಅತ್ತೆಯವರ ಇಪ್ಪತ್ತೆಂಟು ವರ್ಷಗಳ ಮೌನವೂ ಅದರದೇ ಫಲ. ನನ್ನ ಮಡದಿಯನ್ನು ಹಾಸಿಗೆಯವರ ಅಂಗಡಿಗೇ ಕರೆದೊಯ್ದು, ಹಿಂದಿನ ಆಸನವನ್ನು ಅವಳು ಮೂರು ಸಲ ಕುಳಿತು ನೋಡಿ ಒಪ್ಪಿದ ಮೇಲೆಯೇ ಹೊಲಿಗೆ ಹಾಕಿಸಿದೆವು. ಇಬ್ಬರಿಗೂ ಶಿರಸ್ತ್ರಾಣಗಳನ್ನು ಅಂದೇ ಕೊಂಡೆವು.

ಕಾಗದಪತ್ರಗಳ ಕಥೆಯನ್ನು ಬೇಗನೆ ಮುಗಿಸುತ್ತೇನೆ, ಅದು ಸಂತೋಷದ ಕಥೆಯಲ್ಲ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋಂದಣಿ ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ನಮ್ಮ ಗಾಡಿಯ ಹಳೆಯ ಕಡತವನ್ನು ಹುಡುಕಿಸಲು ಒಂದು ಕಚೇರಿಗೆ ಏಳು ಸಲ ಅಲೆದೆ. ಇಂಜಿನ್ನು ಮತ್ತು ಚೌಕಟ್ಟಿನ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದಾಗ, ಕಲ್ಲಿನ ಶಾಸನಗಳಿಗೆ ಅಚ್ಚು ತೆಗೆದ ಕೈಯೇ ಅದೆಂದು ಮಿಸ್ತ್ರಿಯವರಿಗೆ ಹೇಳಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಮೈದುನನ ಮಗ ಇದನ್ನೇ ಸೂಚಿಸಿದ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಇತ್ಯಾದಿಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾನು ಸಾಮಾನ್ಯ ನವೀಕರಣವನ್ನೇ ಆರಿಸಿಕೊಂಡೆ.

ಇನ್ನು ಪೆಟ್ರೋಲು. ಎರಡು ಹೊಡೆತದ ಇಂಜಿನ್ನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ನಮ್ಮ ಮಿಸ್ತ್ರಿಯವರ ಲೆಕ್ಕ ಲೀಟರಿಗೆ 40 ಮಿಲಿಲೀಟರು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಇಥೆನಾಲು ಇರುತ್ತದೆ. ಆ ಇಥೆನಾಲಿನ ಒಂದು ಪಾಲು ನಮ್ಮ ಕಬ್ಬಿನದೇ. ನಮ್ಮ ಹೊಲದಿಂದ ಟ್ರ್ಯಾಕ್ಟರು ಹತ್ತಿಹೋದ ಕಬ್ಬು ಮಾವನವರ ಗಾಡಿಯ ಟ್ಯಾಂಕಿಗೆ ಮರಳಿ ಬರುತ್ತಿರಬಹುದೆಂದು ಅತ್ತೆಯವರಿಗೆ ಹೇಳಿದರೆ ಅವರು ನಂಬಲಿಲ್ಲ. ರೈತನಿಗೆ ಇದರಿಂದ ಒಳ್ಳೆಯದೇ ಆಗಲಿ, ಆದರೆ ಹಳೆಯ ಗಾಡಿಗೆ ಇಥೆನಾಲು ಅಷ್ಟು ಹಿತವಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹಳೆಯ ಕಾಲದ ರಬ್ಬರು ನಳಿಕೆಗಳನ್ನು ಉಬ್ಬಿಸಿ ಕೆಡಿಸುತ್ತದೆ. ಆದುದರಿಂದ ನಳಿಕೆ, ವಾಶರುಗಳನ್ನು ಹೊಸ ಬಗೆಯವಕ್ಕೆ ಬದಲಿಸಿದೆವು. ವಾರಗಟ್ಟಲೆ ನಿಲ್ಲಿಸುವ ಪ್ರಸಂಗವಿದ್ದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಇಂಜಿನ್ನು ತಾನಾಗಿ ಆರುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಬರಿದುಮಾಡುತ್ತೇನೆ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ವಾರವಾರವೂ ಓಡಿಸುವುದು. ಪಡಸಾಲೆಯಲ್ಲಿ ನಿಲ್ಲಿಸಿದರೆ ಉಳಿಯುತ್ತದೆಂಬ ವಾದಕ್ಕೆ ನನ್ನ ಕೊನೆಯ ಉತ್ತರ ಇದೇ ಆಗಿತ್ತು.

ಈಗ ನಲವತ್ತು ನಿಮಿಷಕ್ಕೊಮ್ಮೆ ನಿಂತು ಬೆನ್ನು ಚಾಚಿಕೊಳ್ಳುತ್ತ, ಗಂಟೆಗೆ 40–45 ಕಿಲೋಮೀಟರು ಮೀರದೆ ಹೋಗಿಬರುತ್ತೇನೆ. ಎರಡು ವರ್ಷ ಬಾಕಿಯಿದ್ದ ಮನೆಗಳಲ್ಲಿ ಒಂಬತ್ತನ್ನು ನೋಡಿಯಾಯಿತು. ಕಳೆದ ತಿಂಗಳು ಹುಕ್ಕೇರಿಯ ಬದಿಯ ಒಂದು ತೋಟದ ಮನೆಯಲ್ಲಿ ಜೋಳದ ಹಗೇವಿನ ಪಕ್ಕದ ಗೂಡಿನಿಂದ ಎಪ್ಪತ್ತೆರಡು ಗರಿಗಳ ಕಟ್ಟೊಂದು ಹೊರಬಂದಿತು. ಆರು ಗರಿಗಳು ಹುಳು ತಿಂದಿವೆ, ಉಳಿದವು ಓದಲು ಬರುವಂತಿವೆ. ಮಡದಿ ಅದನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಆಸನದಲ್ಲಿ ಕುಳಿತು ಕಲ್ಲೋಳಿಯವರೆಗೆ ತಂದಳು. ನಡ ಹಿಡಿಯಿತೇ ಎಂದು ಅತ್ತೆಯವರು ಬಾಗಿಲಲ್ಲಿಯೇ ಕೇಳಿದರು, ಇಲ್ಲವೆಂದಳು. ಮುಂದಿನ ಫೋರ್ಕಿನ ಬಲಬದಿಯಲ್ಲಿ ಎಣ್ಣೆ ಸ್ವಲ್ಪ ಜಿನುಗುತ್ತಿದೆ. ಶ್ರಾವಣ ಮುಗಿದ ಮೇಲೆ ತರಲು ಮಿಸ್ತ್ರಿಯವರು ಹೇಳಿದ್ದಾರೆ.